ಬಿಟ್ಟರು, ಬಿಡಿಸಿದರು

2025ರ ಫೆಬ್ರವರಿ ಮೊದಲ ವಾರ. ಮನೆಯವರೆಲ್ಲ ಇರುವ ವಾಟ್ಸಾಪ್ ಗ್ರೂಪಿಗೆ ಚಿಕ್ಕಪ್ಪ ಒಂದು ಸುದ್ದಿಯ ತುಣುಕು ಹಾಕಿದರು. ಕರ್ನಾಟಕದಲ್ಲಿ ದಯಾಮರಣಕ್ಕೆ ಅವಕಾಶ ಸಿಕ್ಕಿದೆ ಅನ್ನುವ ಸುದ್ದಿ. ಅದರ ಕೆಳಗೆ ಅವರೇ ಟೈಪ್ ಮಾಡಿದ್ದರು: "ಅಣ್ಣನಿಗೆ ನಾವು ಮಾಡಿದ್ದೂ ಇದೇ ಅಲ್ವಾ?"

ಯಾರೂ ಉತ್ತರ ಬರೆಯಲಿಲ್ಲ. ತಂಗಿ ಕೈ ಮುಗಿಯುವ ಚಿತ್ರ ಹಾಕಿದಳು. ನಾನು ಫೋನ್ ಮಗುಚಿ ಇಟ್ಟೆ. ಅಪ್ಪ ತೀರಿಕೊಂಡು ಆಗ ಆರು ವರ್ಷ ಆಗುತ್ತಾ ಬಂದಿತ್ತು. ಆರು ವರ್ಷದಲ್ಲಿ ತಿಥಿ ಮಾಡಿದ್ದೇವೆ, ಫೋಟೋಗೆ ಹಾರ ಬದಲಿಸಿದ್ದೇವೆ, ತೋಟದ ಪಾಲಿನ ಮಾತಾಡಿದ್ದೇವೆ. ಆಸ್ಪತ್ರೆಯ ಆ ಹನ್ನೊಂದನೇ ದಿನದ ಬಗ್ಗೆ ಮಾತ್ರ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಚಿಕ್ಕಪ್ಪ ಇಷ್ಟು ವರ್ಷ ಈ ಪ್ರಶ್ನೆ ಹೊತ್ತುಕೊಂಡೇ ಓಡಾಡಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ. ನಾವು ಮಾಡಿದ್ದು ಇದೇನಾ? ಅಲ್ಲ ಅಂತ ಮನಸ್ಸು ಹೇಳುತ್ತಿತ್ತು. ಯಾಕೆ ಅಲ್ಲ ಅಂತ ಅವರಿಗೆ ಹೇಳೋಣ ಅಂದರೆ ಮಾತು ಸಿಗುತ್ತಿರಲಿಲ್ಲ. ಆ ಮಾತು ಹುಡುಕುತ್ತಾ ಹೋಗಿದ್ದೇ ಈ ಬರಹ.

ನಾನು ಕೈಯಾರೆ ಬರೆದ ಸಾಲು

ಅಪ್ಪನಿಗೆ 78. ತೋಟದಿಂದ ಬಂದು ಕಾಲು ತೊಳೆಯುತ್ತಿದ್ದವರು ಬಚ್ಚಲ ಮುಂದೆ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಮೊದಲ ದಿನವೇ ವೆಂಟಿಲೇಟರ್ ಹಾಕಿದರು. ದಿನಕ್ಕೆ ಎರಡು ಸಲ, ಒಬ್ಬೊಬ್ಬರೇ, ಹತ್ತು ನಿಮಿಷ ಐಸಿಯು ಒಳಗೆ ಹೋಗಬಹುದಿತ್ತು. ಬಾಯಲ್ಲಿ ಒಂದು ಪೈಪು, ಮೂಗಲ್ಲಿ ಒಂದು ಪೈಪು. ಕಾಯಿ ಸುಲಿದು ಸುಲಿದು ಒರಟಾಗಿದ್ದ ಅವರ ಬಲಗೈ ಊದಿಕೊಂಡು ಮಗುವಿನ ಕೈ ಥರ ಮೆತ್ತಗಾಗಿತ್ತು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ತೆಂಗಿನ ಮಟ್ಟೆಯ ಕಂದು ಕರೆ ಮಾತ್ರ ಹಾಗೇ ಇತ್ತು. ನರ್ಸ್ ದಿನಾ ಮೈ ಒರೆಸುತ್ತಿದ್ದರೂ ಅದು ಹೋಗಿರಲಿಲ್ಲ. ನಾನು ಆ ಹತ್ತು ನಿಮಿಷವೂ ಅದನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಆ ಮಂಚದ ಮೇಲೆ ನಮ್ಮಪ್ಪ ಅಂತ ಗುರುತು ಹಿಡಿಯುವ ಹಾಗೆ ಉಳಿದಿದ್ದು ಅದೊಂದೇ ಅನ್ನಿಸುತ್ತಿತ್ತು.

ಹನ್ನೊಂದನೇ ದಿನ ಡಾಕ್ಟರು ನಮ್ಮನ್ನು ಒಂದು ಸಣ್ಣ ಕೋಣೆಗೆ ಕರೆದು ಕೂರಿಸಿದರು. ಸಮಾಧಾನದ ಮನುಷ್ಯ. "ನೋಡಿ, ಇನ್ನು ಹತ್ತು ದಿನ ಇಟ್ಟುಕೊಂಡರೂ ಅಷ್ಟೇ. ಮೆದುಳು ಪೂರ್ತಿ ಹಾನಿಯಾಗಿದೆ. ಮನೆಗೆ ಕರ್ಕೊಂಡು ಹೋಗಿ. ಕೊನೇಲಿ ಎಲ್ಲರೂ ಜೊತೆಗಿರ್ತೀರ" ಅಂದರು. ಆಸ್ಪತ್ರೆಯಲ್ಲಿ "ಮನೆಗೆ ಕರ್ಕೊಂಡು ಹೋಗಿ" ಅಂದರೆ ಏನರ್ಥ ಅಂತ ನಮ್ಮ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಹೊರಗೆ ಕಾಯುತ್ತಿದ್ದ ಅಮ್ಮ ನಮ್ಮ ಮುಖ ನೋಡಿಯೇ ಸೆರಗು ಬಾಯಿಗೆ ಒತ್ತಿಕೊಂಡಳು.

ಆದರೆ ಕೆಳಗೆ ಕೌಂಟರಿನಲ್ಲಿ ಕೊಟ್ಟ ಫಾರಂ ಬೇರೆಯೇ ಮಾತಾಡುತ್ತಿತ್ತು. ಅದರಲ್ಲಿ ನಾನು ಕೈಯಾರೆ ಬರೆದುಕೊಡಬೇಕಿತ್ತು: ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದೇವೆ, ಮುಂದೆ ಏನಾದರೂ ಆದರೆ ಆಸ್ಪತ್ರೆ ಹೊಣೆಯಲ್ಲ. "ಕರ್ಕೊಂಡು ಹೋಗಿ ಅಂದಿದ್ದು ಡಾಕ್ಟರೇ ಅಲ್ವಾ?" ಅಂದೆ. ಅಲ್ಲಿದ್ದ ಹುಡುಗಿ ತಲೆ ಎತ್ತದೆ, "ಎಲ್ಲರೂ ಹೀಗೇ ಬರೆಯೋದು ಸರ್" ಅಂದಳು. ಬರೆದೆ. 'ವಿರುದ್ಧವಾಗಿ' ಅನ್ನುವಾಗ ಪೆನ್ನು ತಡೆಯಿತು. 'ದ'ಕ್ಕೆ 'ಧ' ಒತ್ತು ಸರಿಯಾಗಿ ಬೀಳದೆ ತಿದ್ದಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅದು 2019. ಅದಕ್ಕೂ ಒಂದು ವರ್ಷ ಮೊದಲೇ, 2018ರ ಮಾರ್ಚ್ 9ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಗೌರವದಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೇ ಅಂತ ತೀರ್ಪು ಕೊಟ್ಟಿತ್ತು. ಫಲವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸಬಹುದು ಎಂದಿತ್ತು. ಆದರೆ ಅದಕ್ಕೆ ಹಾಕಿಕೊಟ್ಟ ದಾರಿ ಬಹಳ ಉದ್ದ. ಆಸ್ಪತ್ರೆಯಲ್ಲಿ ಒಂದು ವೈದ್ಯರ ಮಂಡಳಿ, ಆಮೇಲೆ ಜಿಲ್ಲಾಧಿಕಾರಿ ನೇಮಿಸುವ ಇನ್ನೊಂದು ಮಂಡಳಿ, ಅದಾದ ಮೇಲೆ ಮ್ಯಾಜಿಸ್ಟ್ರೇಟ್ ಬಂದು ರೋಗಿಯನ್ನು ನೋಡಬೇಕು. ಐಸಿಯು ಹೊರಗಿನ ಕುರ್ಚಿಯಲ್ಲಿ ಹನ್ನೊಂದು ರಾತ್ರಿ ಕಳೆದವರು ಯಾರು ಆ ದಾರಿ ಹಿಡಿಯುತ್ತಾರೆ? ಆಸ್ಪತ್ರೆಗಳಿಗೂ ಭಯ. ಹಾಗಾಗಿ ಹಳೆಯ ಫಾರಂ. ಕಾನೂನು ಒಪ್ಪಿದ ಒಂದು ಕೆಲಸವನ್ನು ನಾವು ತಪ್ಪು ಮಾಡುವವರ ಹಾಗೆ ಮಾಡಿದೆವು. ಅದಕ್ಕೆ ಸಾಕ್ಷಿಯಾಗಿ ನನ್ನದೇ ಕೈಬರಹ ಎಲ್ಲೋ ಒಂದು ಫೈಲಿನಲ್ಲಿ ಇದೆ.

"ತೆಗೆಸ್ತೀಯಾ?"

ಸಹಿ ಹಾಕುವುದಕ್ಕೆ ಮೊದಲು ಕಾರಿಡಾರಿನಲ್ಲಿ ನಡೆದ ಮಾತುಕತೆ ಹೇಳಬೇಕು. ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೂತಿರುವುದು ಅದೇ.

ತಂಗಿ ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಳೆ. ಅವಳು ಮೊದಲೇ ತೀರ್ಮಾನ ಮಾಡಿದ್ದಳು. "ಲೆಟ್ ಹಿಮ್ ಗೋ, ಅಣ್ಣಾ" ಅಂದಳು. ಅಪ್ಪನ ಬಗ್ಗೆ ಅವಳು ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಆ ಮೂರು ಪದ ಕನ್ನಡದಲ್ಲಿ ಅವಳ ಬಾಯಿಂದ ಬರುತ್ತಿರಲಿಲ್ಲ ಅಂತ ಕಾಣುತ್ತದೆ. ಇಂಗ್ಲಿಷಿನಲ್ಲಿ ಅಂದಾಗ ಅದು ಎಲ್ಲೋ ಓದಿದ ಮಾತಿನ ಹಾಗೆ ಸ್ವಲ್ಪ ದೂರ ನಿಲ್ಲುತ್ತಿತ್ತು. ಸುಡುತ್ತಿರಲಿಲ್ಲ. ಚಿಕ್ಕಪ್ಪ ಗೋಡೆಗೆ ಒರಗಿ ನಿಂತಿದ್ದರು. "ಋಣ ಇರೋವಷ್ಟು ದಿನ ಇರಬೇಕು ಕಣಪ್ಪಾ. ದೇವರು ಕೊಟ್ಟ ಉಸಿರು. ನಾವು ಯಾರು ನಿಲ್ಲಿಸೋಕೆ?" ಅಂದರು. ಅಮ್ಮನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಅಮ್ಮನ ಪಕ್ಕ ಕೂತು, "ಅಮ್ಮಾ, ಮಿಷನ್ ತೆಗೆಸೋಣ ಅಂತಿದಾರೆ" ಅಂದೆ. ಅಮ್ಮ ನನ್ನ ಕಡೆ ತಿರುಗಿ, "ತೆಗೆಸ್ತೀಯಾ?" ಅಂದಳು. ಒಂದೇ ಪದ. ಅದರಲ್ಲಿ 'ನೀನು' ಇತ್ತು. ನೀನು, ಮಗ, ಅಪ್ಪನ ಉಸಿರು ತೆಗೆಸ್ತೀಯಾ ಅಂತ ನನಗೆ ಕೇಳಿಸಿತು. ಆಮೇಲೆ, "ಊಟದ ಪೈಪೂ ತೆಗೀತಾರಾ? ಹಸಿದ ಹೊಟ್ಟೇಲಿ ಕಳಿಸ್ತೀರಾ ಅವರನ್ನ?" ಅಂದಳು. ನನಗೆ ಮಾತು ಹೊರಡಲಿಲ್ಲ. ಸುಮಾರು ಹೊತ್ತಾದ ಮೇಲೆ ತಂಗಿ ಬಂದು ಕೆಳಗೆ ಕೂತು, ಅಮ್ಮನ ಮಂಡಿ ಹಿಡಿದು, ತಾನು ಇಂಗ್ಲಿಷಿನಲ್ಲಿ ಅಂದದ್ದನ್ನೇ ಕನ್ನಡದಲ್ಲಿ ಹೇಳಿದಳು. "ಅಮ್ಮಾ, ಅಪ್ಪ ಹೊರಟಿದಾರೆ. ಮಿಷನ್ ತಡೆದು ನಿಲ್ಲಿಸಿದೆ. ಹೋಗೋಕೆ ಬಿಡೋಣ."

ಅಮ್ಮ ಅತ್ತಳು. ಅದು ಬೇರೆ ಥರದ ಅಳು. ಅತ್ತು ಮುಗಿದ ಮೇಲೆ, "ಮನೆಗೆ ಕರ್ಕೊಂಡು ಹೋಗಿ ಬಿಡೋಣ. ಇಲ್ಲಿ ಬೇಡ" ಅಂದಳು.

ನಾನು ಹೇಳಿದ್ದೂ ತಂಗಿ ಹೇಳಿದ್ದೂ ಒಂದೇ ಕೆಲಸ. ಅದೇ ವೆಂಟಿಲೇಟರ್, ಅದೇ ಪೈಪು. ಆದರೆ ನನ್ನ ಮಾತಿಗೆ ಅಮ್ಮ ಒಪ್ಪಲಿಲ್ಲ, ತಂಗಿಯ ಮಾತಿಗೆ ಒಪ್ಪಿದಳು. ತಂಗಿ ಸವಿ ಮಾತಾಡಿ ಒಪ್ಪಿಸಿದಳು ಅಂತ ನನಗೆ ಯಾವತ್ತೂ ಅನಿಸಿಲ್ಲ. ಅವಳ ಮಾತೇ ನಿಜಕ್ಕೆ ಹತ್ತಿರ ಇತ್ತು. ಅಪ್ಪ ಹೊರಟು ಹನ್ನೊಂದು ದಿನ ಆಗಿತ್ತು.

"ಈಗ ಬಿಡ್ಲಾ?"

ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ. ಆ ದಾರಿಯಲ್ಲಿ ನೂರಾರು ಸಲ ಓಡಾಡಿದ್ದೇನೆ. ಅವತ್ತು ಆಂಬುಲೆನ್ಸಿನಲ್ಲಿ ಅಪ್ಪನ ಕಾಲ ಹತ್ತಿರ ಕೂತಿದ್ದೆ. ವೆಂಟಿಲೇಟರ್ ಆಸ್ಪತ್ರೆಯಲ್ಲೇ ಉಳಿಯಿತು. ಪೈಪಿಗೆ ಒಂದು ರಬ್ಬರಿನ ಚೀಲ ಸಿಕ್ಕಿಸಿ, ಆಂಬುಲೆನ್ಸಿನ ಹುಡುಗ ಅದನ್ನು ಕೈಯಲ್ಲಿ ಒತ್ತುತ್ತಾ ಬಂದ. ಒತ್ತಿದಾಗ ಅಪ್ಪನ ಎದೆ ಏಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಮೂರು ಗಂಟೆ. ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಯಡಿಯೂರು ದಾಟಿದ ಮೇಲೆ ಅವನ ಕೈ ಸೋತಿತು. ಕೈ ಬದಲಿಸುವಾಗ ನಾನು ಒತ್ತಿದೆ. ಅಪ್ಪನಿಗೆ ನನ್ನ ಕೈಯಾರೆ ಉಸಿರು ಕೊಟ್ಟೆ. ಒಂದೈದು ನಿಮಿಷ ಇರಬಹುದು.

ಊರಿನ ಗೇಟಿನಲ್ಲಿ ಗಾಡಿ ತಿರುಗಿತು. ನಮ್ಮ ಅಂಗಳದಿಂದ ಶ್ರವಣಬೆಳಗೊಳದ ದೊಡ್ಡಬೆಟ್ಟ, ಚಿಕ್ಕಬೆಟ್ಟ ಎರಡೂ ಕಾಣುತ್ತವೆ. ನಡುಮನೆಯಲ್ಲಿ ಚಾಪೆ ಹಾಸಿ ಅಪ್ಪನನ್ನು ಮಲಗಿಸಿದೆವು. ಹುಡುಗ ಪಕ್ಕದಲ್ಲೇ ಮಂಡಿಯೂರಿ ಕೂತು ಒತ್ತುತ್ತಲೇ ಇದ್ದ. ಊರಿನವರು ತುಂಬಿಕೊಂಡಿದ್ದರು. ಅವನು ತಲೆ ಎತ್ತಿ ನನ್ನನ್ನು ನೋಡಿ, "ಅಣ್ಣಾ, ಈಗ ಬಿಡ್ಲಾ?" ಅಂದ.

ನನಗೆ ಉತ್ತರ ಕೊಡಲು ಆಗಲಿಲ್ಲ. ಫಾರಂಗೆ ಸಹಿ ಹಾಕಿದವನು ನಾನು. ಆದರೂ ಆಗಲಿಲ್ಲ. ಅಮ್ಮ ಒಂದು ಲೋಟದಲ್ಲಿ ನೀರು, ತುಳಸಿ ತಂದು ಅಪ್ಪನ ತಲೆಯ ಹತ್ತಿರ ಕೂತಳು. ಒಂದು ಚಮಚ ನೀರು ತುಟಿಗೆ ಸವರಿದಳು. ಆಮೇಲೆ ಆ ಹುಡುಗನ ಬೆನ್ನ ಮೇಲೆ ಕೈಯಿಟ್ಟು, "ಬಿಡಪ್ಪಾ. ಕೈ ನೋಯ್ತಿರುತ್ತೆ ನಿಂಗೆ" ಅಂದಳು.

ಅವನು ಬಿಟ್ಟ. ಅಪ್ಪ ತಾವಾಗಿಯೇ ಇನ್ನೂ ನಲವತ್ತು ನಿಮಿಷ ಉಸಿರಾಡಿದರು.

ಅಜ್ಜಿ ಅನ್ನ ಬಿಟ್ಟಿದ್ದು

ಅದೇ ನಡುಮನೆಯಲ್ಲಿ 1991ರಲ್ಲಿ ಅಜ್ಜಿ ಹೋಗಿದ್ದು. ನನಗೆ ಹತ್ತು ವರ್ಷ. ಅಜ್ಜಿಗೆ ಕಾಯಿಲೆ ಅಂತ ಹೇಳುವಂಥದ್ದು ಇರಲಿಲ್ಲ. ವಯಸ್ಸಾಗಿತ್ತು. ಒಂದು ದಿನ ಮುದ್ದೆ ಬೇಡ ಅಂದಳು. ಆಮೇಲೆ ಗಂಜಿ ಬೇಡ ಅಂದಳು. ಆಮೇಲೆ ಮಜ್ಜಿಗೆ ನೀರೂ ಗಂಟಲಲ್ಲಿ ಇಳಿಯಲಿಲ್ಲ. ಬಂದವರಿಗೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ಅವ್ವ ಅನ್ನ ಬಿಟ್ಟವಳೆ." ಕೇಳಿದವರು ತಲೆಯಾಡಿಸುತ್ತಿದ್ದರು. ಆಸ್ಪತ್ರೆಗೆ ಯಾಕೆ ಸೇರಿಸಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ಡ್ರಿಪ್ಪು ಹಾಕಿಸಿ ಅನ್ನಲಿಲ್ಲ.

ಐದಾರು ದಿನ ಕಳೆಯಿತು. ಉಸಿರು ಎಳೆಯುತ್ತಲೇ ಇತ್ತು. "ಜೀವ ಯಾತಕ್ಕೋ ಹಿಡ್ಕೊಂಡದೆ" ಅಂದರು ಯಾರೋ ಹಿರಿಯರು. ಕೆರೆ ಕೆಳಗಿನ ಗದ್ದೆ ಮೇಲೆ ಅಜ್ಜಿಗೆ ಬಹಳ ಆಸೆ. ಅಪ್ಪ ಹೋಗಿ ಆ ಗದ್ದೆಯ ಒಂದು ಹಿಡಿ ಮಣ್ಣು ತಂದರು. ಚೂರು ನೀರಿನಲ್ಲಿ ಕದಡಿ, ತಿಳಿಯನ್ನು ಹತ್ತಿಯಲ್ಲಿ ಅದ್ದಿ ತುಟಿಗೆ ಮುಟ್ಟಿಸಿದರು. ಮೊಮ್ಮಕ್ಕಳೆಲ್ಲ ಸಾಲಾಗಿ ಬಂದು ಒಂದೊಂದು ಚಮಚ ಹಾಲು-ನೀರು ಬಿಟ್ಟೆವು. ಅಪ್ಪ ಅಜ್ಜಿಯ ಕಿವಿಯ ಹತ್ತಿರ ಬಾಗಿ, "ಎಲ್ಲಾ ನಾನು ನೋಡ್ಕೋತೀನಿ ಕಣವ್ವಾ. ನೀನು ಹೊರಡು" ಅಂದರು. ಬೆಳಗಿನ ಜಾವ ಹೋದಳು.

ಇದನ್ನು ಈಗ ಏನಂತ ಕರೆಯಬೇಕು? ಅವತ್ತು ಯಾರೂ ಏನೂ ಕರೆಯಲಿಲ್ಲ. ನೆಂಟರು "ಪುಣ್ಯವಂತೆ, ಯಾರ ಕೈಲೂ ಮಾಡಿಸಿಕೊಳ್ಳದೆ ಹೋದಳು" ಅಂದರು. ಇಡೀ ಘಟನೆಯಲ್ಲಿ ಕೆಲಸ ಮಾಡಿದವಳು ಅಜ್ಜಿ. ಅನ್ನ ಬಿಟ್ಟಳು, ನೀರು ಬಿಟ್ಟಳು, ಪ್ರಾಣ ಬಿಟ್ಟಳು. ಅಪ್ಪ ಮಾಡಿದ್ದು ಬೀಳ್ಕೊಟ್ಟಿದ್ದು ಅಷ್ಟೇ.

ಅಪ್ಪನ ವಿಷಯಕ್ಕೆ ಬಂದಾಗ ಕ್ರಿಯಾಪದವೇ ಬದಲಾಗಿಹೋಯಿತು. ಕನ್ನಡದಲ್ಲಿ ಒಂದು ಪುಟ್ಟ ಪ್ರತ್ಯಯ ಇದೆ, 'ಇಸು'. ಸಾಯು, ಸಾಯಿಸು. ಬಿಡು, ಬಿಡಿಸು. ನಿಲ್ಲು, ನಿಲ್ಲಿಸು. ಆ 'ಇಸು' ಬಂದ ತಕ್ಷಣ ಇನ್ನೊಬ್ಬ ಮನುಷ್ಯ ಒಳಗೆ ಬಂದ ಹಾಗೆ. ಮಿಷನ್ ಬಂದ ಮೇಲೆ ನಮ್ಮ ಮನೆಯವರು ಯಾರೂ ಸುಮ್ನೆ ಪ್ರಾಣ ಬಿಡುವ ಹಾಗಿಲ್ಲ. ಯಾರಾದರೂ ಬಿಡಿಸಬೇಕು. ಅಜ್ಜಿಯ ಕಾಲದಲ್ಲಿ ಇಲ್ಲದ ಪಾಪಪ್ರಜ್ಞೆ ಅಪ್ಪನ ಕಾಲಕ್ಕೆ ಎಲ್ಲಿಂದ ಬಂತು ಅಂತ ಬಹಳ ದಿನ ಯೋಚಿಸಿದ್ದೇನೆ. ನಾವು ಅಪ್ಪನನ್ನು ಕಡಿಮೆ ಪ್ರೀತಿಸಿದವರಲ್ಲ. ಜಾಸ್ತಿ ಕಠಿಣ ಮನಸ್ಸಿನವರೂ ಅಲ್ಲ. ನಮ್ಮ ಕೈಗೆ ಒಂದು ಗುಂಡಿ ಕೊಟ್ಟಿದ್ದರು, ಅಷ್ಟೇ. ಹಾಗೆ ನೋಡಿದರೆ 'ಬಿಡಿಸು' ಕೆಟ್ಟ ಪದವೂ ಅಲ್ಲ. ಗಂಟು ಬಿಡಿಸುತ್ತೇವೆ. ಗಿಡದಿಂದ ಹೂ ಬಿಡಿಸುತ್ತೇವೆ. ಅಡವಿಟ್ಟ ಒಡವೆ ಬಿಡಿಸಿಕೊಂಡು ಬರುತ್ತೇವೆ. ಆ ದಿನ ಕಾರಿಡಾರಿನಲ್ಲಿ ಈ ಅರ್ಥಗಳು ಒಂದೂ ನನಗೆ ಹೊಳೆಯಲಿಲ್ಲ.

ಒಂದು ಪದದ ಒಳಗೆ ಎಷ್ಟೊಂದು ಕೆಲಸ

ಚಿಕ್ಕಪ್ಪ ಕಳಿಸಿದ ಸುದ್ದಿಗೆ ಬರುತ್ತೇನೆ. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಸುಪ್ರೀಂ ಕೋರ್ಟಿನ ತೀರ್ಪನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರುವುದು ಹೇಗೆ ಅಂತ. ಅಷ್ಟು ಹೊತ್ತಿಗೆ ಕೋರ್ಟು 2023ರ ಜನವರಿ 24ರಂದು ದಾರಿಯನ್ನು ಸ್ವಲ್ಪ ಸಲೀಸು ಮಾಡಿತ್ತು. ಎರಡೂ ಮಂಡಳಿಗಳನ್ನು ಆಸ್ಪತ್ರೆಯೇ ರಚಿಸಬಹುದು, ಎರಡನೆಯದರಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಇರಬೇಕು, ಸಾಧ್ಯವಾದಷ್ಟೂ 48 ಗಂಟೆಯಲ್ಲಿ ಅಭಿಪ್ರಾಯ ಕೊಡಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಿದರೆ ಸಾಕು. ಸುತ್ತೋಲೆ ಹೊರಟ ಬೆನ್ನಿಗೇ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಒಂದು ಸ್ಪಷ್ಟನೆ ಕೊಟ್ಟರು. ಇದನ್ನು ದಯಾಮರಣ ಅಂತ ತಿಳಿಯಬಾರದು, ಜೀವರಕ್ಷಕ ಯಂತ್ರಗಳ ಮೇಲಿದ್ದು ಚಿಕಿತ್ಸೆಗೆ ಸ್ಪಂದಿಸದವರಿಗೆ ಮಾತ್ರ ಇದು ಅನ್ವಯ ಅಂತ. ಆದರೆ ನಮ್ಮ ಗ್ರೂಪಿಗೆ ಬಂದು ಮುಟ್ಟಿದ್ದು 'ದಯಾಮರಣ' ಅನ್ನುವ ಪದವೇ. ಆ ಪದ ಸಚಿವರಿಗಿಂತ ಮೊದಲೇ ಊರೂರು ಸುತ್ತಿ ಬಂದಿತ್ತು.

ಯೋಚನೆ ಮಾಡಿ. ನೋವು ತಾಳಲಾರದವನಿಗೆ ಅವನೇ ಕೇಳಿಕೊಂಡ ಮೇಲೆ ಇಂಜೆಕ್ಷನ್ ಕೊಟ್ಟು ಪ್ರಾಣ ತೆಗೆಯುವುದೂ ದಯಾಮರಣ. ಅದು ನಮ್ಮ ದೇಶದಲ್ಲಿ ಇಂದಿಗೂ ಅಪರಾಧ. ಉಸಿರಾಟದ ಮಿಷನ್ ತೆಗೆದು ದೇಹವನ್ನು ಅದರ ಪಾಡಿಗೆ ಬಿಡುವುದೂ ದಯಾಮರಣ. ಎರಡಕ್ಕೂ ಒಂದೇ ಚೀಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2018ರಲ್ಲೇ ಈ ಬಗ್ಗೆ ಒಂದು ಪದಸೂಚಿ ಹೊರತಂದು, 'ಪ್ಯಾಸಿವ್ ಯುತನೇಶಿಯಾ' ಅನ್ನುವ ಮಾತನ್ನೇ ಬಿಡಬೇಕು ಎಂದಿತ್ತು. ಚಿಕಿತ್ಸೆ ನಿಲ್ಲಿಸುವುದು ಬೇರೆ, ಕೊಲ್ಲುವುದು ಬೇರೆ ಅಂತ. ನಾವು ಮಾತ್ರ ಅದನ್ನು 'ನಿಷ್ಕ್ರಿಯ ದಯಾಮರಣ' ಅಂತ ಇನ್ನೂ ಒಂದು ಹೆಜ್ಜೆ ದೂರ ಒಯ್ದಿದ್ದೇವೆ. ಅದನ್ನು ಕೇಳಿ ನಮ್ಮಮ್ಮನಿಗೆ ಏನು ಅರ್ಥವಾದೀತು?

ಇದರಿಂದ ಇನ್ನೊಂದು ತೊಂದರೆ ಇದೆ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಎರಡು ದಶಕಕ್ಕೂ ಹೆಚ್ಚು ಕಾಲ ಈ ಹಕ್ಕಿಗಾಗಿ ಕೇಳುತ್ತಾ ಬಂದವರು. ಸುತ್ತೋಲೆ ಬಂದಾಗ ಅವರೇ ಮೊದಲ ಫಲಾನುಭವಿ ಆಗಬಹುದು ಅಂತ ಸುದ್ದಿಯಾಯಿತು. ಅವರು ಕೇಳುತ್ತಿದ್ದುದು ಎಚ್ಚರ ಇರುವ, ಮಾತಾಡಬಲ್ಲ, ನೋವಿನಲ್ಲಿರುವ ಒಬ್ಬ ಹೆಂಗಸಿನ ಹಕ್ಕು. ಸುತ್ತೋಲೆ ಹೇಳುತ್ತಿದ್ದುದು ಮಿಷನ್ ಮೇಲಿರುವ, ಮಾತಾಡಲಾರದ ರೋಗಿಯ ಬಗ್ಗೆ. ಎರಡನ್ನೂ ಒಂದೇ ಪದದಲ್ಲಿ ತುಂಬಿದ್ದರಿಂದ, ಒಬ್ಬ ಹಿರಿಯ ಜೀವಕ್ಕೆ ಸಿಗದ್ದನ್ನು ಸಿಕ್ಕಿತು ಅಂದ ಹಾಗಾಯಿತು. ನಮ್ಮ ಚಿಕ್ಕಪ್ಪನಿಗೆ, ಮಾಡದ್ದನ್ನು ಮಾಡಿದೆ ಅನ್ನಿಸುವ ಹಾಗಾಯಿತು.

ಜೀವಚ್ಛವ

ನಮ್ಮ ಕಡೆ ಇಂಥ ಚರ್ಚೆ ಬಂದರೆ ಅರುಣಾ ಶಾನಭಾಗ ಹೆಸರು ಬಂದೇ ಬರುತ್ತದೆ. ಉತ್ತರ ಕನ್ನಡದ ಹಳದೀಪುರದ ಹುಡುಗಿ, ಮುಂಬೈನ ಕೆಇಎಂ ಆಸ್ಪತ್ರೆಯ ನರ್ಸ್. 1973ರ ನವೆಂಬರ್ 27ರಂದು ಆಸ್ಪತ್ರೆಯ ಕೆಲಸಗಾರನೊಬ್ಬ ಅವರ ಮೇಲೆ ಅತ್ಯಾಚಾರ ಮಾಡಿದ, ಮೆದುಳಿಗೆ ಹಾನಿಯಾಗಿ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲೇ ಉಳಿದರು ಅಂತ ಎಲ್ಲರಿಗೂ ಗೊತ್ತು. ನಾನು ಹೇಳಬೇಕಾದ್ದು ಒಂದು ಪದದ ಬಗ್ಗೆ. ಅವರ ಬಗ್ಗೆ ಮಾತಾಡುವಾಗ ನಾವು ಕನ್ನಡಿಗರು ಥಟ್ಟನೆ ಬಳಸುವ ಪದ 'ಜೀವಚ್ಛವ'. ಜೀವ ಇರುವ ಹೆಣ. ಆ ಪದ ಬಾಯಿಗೆ ಬಂದರೆ ಮುಗಿಯಿತು. ಹೆಣವನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ.

ಆದರೆ ಅವರನ್ನು ನೋಡಿಕೊಂಡ ನರ್ಸುಗಳು ಆ ಪದ ಒಪ್ಪಲಿಲ್ಲ. ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋಗಿ, ಅರುಣಾಗೆ ಆಹಾರ ಕೊಡುವುದನ್ನು ನಿಲ್ಲಿಸಿ ಶಾಂತವಾಗಿ ಹೋಗಲು ಬಿಡಿ ಅಂತ ಕೇಳಿದಾಗ, ಆಸ್ಪತ್ರೆ ಬೇರೆಯೇ ಅರುಣಾಳನ್ನು ಕೋರ್ಟಿನ ಮುಂದೆ ಇಟ್ಟಿತು. ಊಟ ಕೊಟ್ಟರೆ ತೆಗೆದುಕೊಳ್ಳುತ್ತಾಳೆ, ಮುಖದಲ್ಲಿ ಭಾವ ಕಾಣುತ್ತದೆ ಎಂದಿತು. ಕೋರ್ಟು ಕಳಿಸಿದ ಮೂವರು ವೈದ್ಯರೂ ಹೋಗಿ ನೋಡಿ, ಕೋಣೆಯಲ್ಲಿ ಹಾಕುವ ಭಕ್ತಿಗೀತೆಗಳು ಅವಳಿಗೆ ಇಷ್ಟ ಅಂತ ಬರೆದರು. 2011ರ ಮಾರ್ಚ್ 7ರಂದು ಕೋರ್ಟು ಆ ಅರ್ಜಿಯನ್ನು ತಿರಸ್ಕರಿಸಿತು. ಅವಳ ಪರವಾಗಿ ತೀರ್ಮಾನ ಮಾಡುವ ಆಪ್ತರು ನರ್ಸುಗಳೇ ಅಂದಿತು. ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿ ಪಡೆದು ಚಿಕಿತ್ಸೆ ನಿಲ್ಲಿಸುವುದಕ್ಕೆ ಮೊದಲ ಸಲ ದಾರಿ ತೆರೆಯಿತು. ನರ್ಸುಗಳು ಸಿಹಿ ಹಂಚಿದರು. ಅರುಣಾ ಇನ್ನೂ ನಾಲ್ಕು ವರ್ಷ ಇದ್ದು, ನ್ಯುಮೋನಿಯಾ ಆಗಿ 2015ರ ಮೇ 18ರಂದು ಹೋದರು.

ಆ ಸಿಹಿ ಹಂಚಿದ ಸುದ್ದಿ ಓದಿ ನನಗೆ ಅವತ್ತು ಸಿಟ್ಟು ಬಂದಿತ್ತು. ಇದೆಂಥ ಪ್ರೀತಿ ಅಂದುಕೊಂಡಿದ್ದೆ. ಅಪ್ಪನ ಹನ್ನೊಂದು ದಿನ ಕಳೆದ ಮೇಲೆ ಅಷ್ಟು ಸಲೀಸಾಗಿ ಹೇಳಲಾರೆ. ಅಪ್ಪನ ಮೈ ಒರೆಸುತ್ತಿದ್ದ ನರ್ಸ್ "ಅಜ್ಜಾ, ಸ್ವಲ್ಪ ಈ ಕಡೆ ತಿರುಗಿ" ಅಂತ ಹೇಳಿಯೇ ತಿರುಗಿಸುತ್ತಿದ್ದಳು. ಅಪ್ಪನಿಗೆ ಕೇಳಿಸುತ್ತಿರಲಿಲ್ಲ. ಅವಳು ಹೇಳುವುದನ್ನು ಬಿಡಲಿಲ್ಲ. ನಲವತ್ತೆರಡು ವರ್ಷ ಹಾಗೆ ಮಾತಾಡಿಸಿದವರಿಗೆ ಅದು ಹೆಣ ಅನ್ನಿಸುವುದು ಹೇಗೆ? ಅರುಣಾಗೆ ಏನು ಬೇಕಿತ್ತು ಅಂತ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅವಳನ್ನು ಕೇಳಿದವರು ಯಾರೂ ಇರಲಿಲ್ಲ. ಇಪ್ಪತ್ತೈದು ವರ್ಷದ ಹುಡುಗಿಯನ್ನು ಯಾರು ತಾನೇ ಅಂಥದ್ದು ಕೇಳುತ್ತಾರೆ?

ಚಿಕ್ಕಬೆಟ್ಟದ ಕಲ್ಲುಗಳು

ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಚಿಕ್ಕಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಜನವೆಲ್ಲ ದೊಡ್ಡಬೆಟ್ಟ ಹತ್ತಿ ಗೊಮ್ಮಟನನ್ನು ನೋಡಲು ಹೋದರೆ ಅಪ್ಪನಿಗೆ ಇಲ್ಲಿ ನೆರಳು, ತಂಪು. ಬಂಡೆಯ ಮೇಲೆ ಅಕ್ಷರ ಕೆತ್ತಿರುತ್ತಿತ್ತು. "ಇವರೆಲ್ಲ ಊಟ ಬಿಟ್ಟು ಹೋದವರು" ಅನ್ನುತ್ತಿದ್ದರು. ಅಪ್ಪ ಜೈನರಲ್ಲ, ಹಳಗನ್ನಡ ಓದಲೂ ಬರುತ್ತಿರಲಿಲ್ಲ. ಊರಿನ ನೆನಪಿನಿಂದ ಹೇಳುತ್ತಿದ್ದರು. ಆಮೇಲೆ ನಾನು ಓದಿ ತಿಳಿದೆ. ಏಳನೇ ಶತಮಾನದ ಸುಮಾರಿನಿಂದಲೂ ಅಲ್ಲಿ ಸಲ್ಲೇಖನ, ಅಂದರೆ ಉಪವಾಸ ಮಾಡಿ ದೇಹ ಬಿಡುವ ಜೈನರ ವ್ರತ, ಮಾಡಿದವರ ಶಾಸನಗಳಿವೆ. ನಂದಿಸೇನ ಎಂಬ ಮುನಿಯ ಶಾಸನ ಬಹಳ ಚಂದ. ರೂಪ, ಹಣ, ವೈಭವ ಎಲ್ಲವೂ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ಬೇಗ ಕರಗುತ್ತವೆ, ಯಾರಿಗೂ ನಿಲ್ಲುವುದಿಲ್ಲ ಅಂತ ಅದರಲ್ಲಿದೆ. ಸತ್ತರು ಅನ್ನುವುದಕ್ಕೆ ಆ ಶಾಸನಗಳು ಬಳಸುವ ಒಂದು ಪದ 'ಮುಡಿಪಿದರ್'. ಮುಗಿಸಿದರು ಅಂತ. ನನಗೆ ಅದನ್ನು ಓದಿದಾಗಲೆಲ್ಲ ಹಳದಿ ಬಟ್ಟೆಯಲ್ಲಿ ದೇವರಿಗೆ ಕಟ್ಟಿಡುವ ಮುಡಿಪು ನೆನಪಾಗುತ್ತದೆ.

2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಇದೇ ವ್ರತವನ್ನು ಆತ್ಮಹತ್ಯೆ ಅಂದಿತು. ಜೈನರು ದೇಶದಾದ್ಯಂತ ಮೌನ ಮೆರವಣಿಗೆ ಮಾಡಿದರು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಮೂರು ವಾರದೊಳಗೆ ಒಂದೇ ಉಪವಾಸ ವ್ರತವಾಗಿದ್ದದ್ದು ಅಪರಾಧವಾಗಿ, ಮತ್ತೆ ವ್ರತವಾಯಿತು. ಇದರ ಬಗ್ಗೆ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಜೈನರ ಒಂದು ನಿಯಮ. ವಾಸಿಯಾಗದ ಕಾಯಿಲೆ, ಮುಪ್ಪು, ಬರಗಾಲದಂಥ ಸಂದರ್ಭಕ್ಕೆ ಮಾತ್ರ ಈ ವ್ರತ. ಅದರಲ್ಲಿ ಬದುಕುವ ಆಸೆ ಹೇಗೆ ದೋಷವೋ ಬೇಗ ಸಾಯಬೇಕು ಅನ್ನುವ ಆಸೆಯೂ ಹಾಗೇ ದೋಷ. ಮನಸ್ಸಿನ ಒಳಗಿನ ಇಷ್ಟು ಸಣ್ಣ ವ್ಯತ್ಯಾಸಕ್ಕೂ ಅವರ ಹತ್ತಿರ ಹೆಸರಿದೆ. ನಮ್ಮ ಫಾರಂನಲ್ಲಿ ಇದ್ದದ್ದು 'ಸಲಹೆಗೆ ವಿರುದ್ಧ' ಒಂದೇ.

ಹಾಗಂತ ಮೃದುವಾದ ಪದ ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. ತಮಿಳುನಾಡಿನ ವಿರುದುನಗರದ ಕಡೆ 'ತಲೈಕೂತ್ತಲ್' ಅನ್ನುವ ಪದ್ಧತಿ ಇದೆ. ಹಾಸಿಗೆ ಹಿಡಿದ ಮುದುಕರಿಗೆ ಮೈತುಂಬ ಎಣ್ಣೆ ಹಚ್ಚಿ, ತಣ್ಣೀರು ಸುರಿದು, ಎಳನೀರು ಕುಡಿಸುವುದು. ಕೇಳಲು ಹಬ್ಬದ ಎಣ್ಣೆ ಸ್ನಾನದ ಹಾಗಿದೆ. ಮೈ ತಣ್ಣಗಾಗಿ ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಅದು ಮನೆಯವರೇ ಮಾಡುವ ಕೊಲೆ. ಆ ಮುದುಕರನ್ನು ಕೇಳಿರುತ್ತಾರಾ? ನಮ್ಮಲ್ಲೂ ಹಿರಿಯರು "ನಾನು ಎಲ್ಲರಿಗೂ ಭಾರ ಆಗಿಬಿಟ್ಟೆ, ಶಿವ ಇನ್ನೂ ಕರೆಸಿಕೊಳ್ಳಲಿಲ್ಲ" ಅನ್ನುತ್ತಾರೆ. ಅದು ಅವರ ಇಷ್ಟವೋ, ಮನೆಯಲ್ಲಿ ದಿನಾ ಕೇಳಿಸಿಕೊಂಡ ಮಾತನ್ನೇ ತಿರುಗಿ ಹೇಳುತ್ತಿದ್ದಾರೋ? ಇಂಜೆಕ್ಷನ್ ಕೊಡುವ ದಯಾಮರಣಕ್ಕೆ ಕಾನೂನು ಬರಲಿ ಅಂತ ಹೇಳಲು ನನಗೆ ಧೈರ್ಯ ಬರದೇ ಇರುವುದು ಇದೇ ಕಾರಣಕ್ಕೆ. ನೋವಿನ ಮಾತೂ ಇದೆ. 1985ರ ಮಾದಕವಸ್ತು ಕಾಯ್ದೆಯಿಂದಾಗಿ ಕ್ಯಾನ್ಸರ್ ರೋಗಿಗಳಿಗೂ ಮಾರ್ಫಿನ್ ಸಿಗುವುದು ದುರ್ಲಭವಾಗಿತ್ತು. 2014ರಲ್ಲಿ ತಿದ್ದುಪಡಿ ಆಯಿತು. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಅಂಥ ಜಾಗ ತಾಲ್ಲೂಕಿಗೆ ಒಂದು ಇದ್ದಿದ್ದರೆ, ಸಾವು ಕೊಡಿ ಅಂತ ಕೇಳುವವರಲ್ಲಿ ಎಷ್ಟು ಜನ ನೋವು ಕಳೆಯಿರಿ ಅಂತ ಕೇಳುತ್ತಿದ್ದರೋ.

ಅಮ್ಮನ ಕಾಗದ

ಚಿಕ್ಕಪ್ಪನಿಗೆ ನಾನು ಗ್ರೂಪಿನಲ್ಲಿ ಉತ್ತರ ಬರೆಯಲಿಲ್ಲ. ಯುಗಾದಿಗೆ ಊರಿಗೆ ಹೋದಾಗ ತೋಟದಲ್ಲಿ ಕೂತು ಹೇಳಿದೆ. "ಚಿಕ್ಕಪ್ಪಾ, ಅಜ್ಜಿ ಹೋಗುವಾಗ ಅಪ್ಪ ಕಿವೀಲಿ ಏನು ಹೇಳಿದರು ನೆನಪಿದೆಯಾ?" ಅವರಿಗೆ ನೆನಪಿತ್ತು. "ನೀನು ಹೊರಡು ಅಂದ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವೂ ಅದನ್ನೇ ಅಂದಿದ್ದಾ?" ಅಂದರು. ನಾನು ಹೂಂ ಅಂದೆ. ಅವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಪಂಪ್ ಆಫ್ ಮಾಡಲು ಎದ್ದರು.

ಅದೇ ರಜೆಯಲ್ಲಿ ಅಮ್ಮನ ಜೊತೆ ಕೂತು ಒಂದು ಕಾಗದ ಬರೆದೆವು. 'ಲಿವಿಂಗ್ ವಿಲ್' ಅಂತಾರೆ ಅಂದೆ. "ಉಯಿಲಾ? ಆಸ್ತಿ ಎಲ್ಲಾ ನಿಮ್ಮಪ್ಪ ಆಗಲೇ ಬರೆದಿಟ್ಟಿದಾರಲ್ಲ" ಅಂದಳು. ಇದು ಆಸ್ತಿಯದಲ್ಲ, ಮಾತಾಡೋಕೆ ಆಗದೇ ಇದ್ದಾಗ ನಿನಗೆ ಏನು ಬೇಕು, ಏನು ಬೇಡ ಅಂತ ಈಗಲೇ ಹೇಳಿಡೋದು ಅಂದೆ. ಇಬ್ಬರು ಸಾಕ್ಷಿಗಳು ಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಮುಂದೆ ಸಹಿ ಆಗಬೇಕು, ಒಂದು ಪ್ರತಿ ಪಂಚಾಯಿತಿಗೂ ಕೊಡಬಹುದು ಅಂತ ವಿವರಿಸಿದೆ. ಅಮ್ಮ ಅವರೆಕಾಯಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡಳು. ಆಮೇಲೆ ಒಂದೊಂದೇ ಹೇಳಿದಳು. ಬಾಯಲ್ಲಿ ಉಣ್ಣೋಕೆ ಆಗೋವರೆಗೂ ಉಣ್ಣಿಸಿ. ಮೂಗಿನ ಪೈಪು ಬೇಡ. ನೋವಿಗೆ ಔಷಧಿ ಕೊಡಿಸಿ, ಅದರಲ್ಲಿ ಲೆಕ್ಕ ನೋಡಬೇಡಿ. ಕೊನೆಗೆ ಈ ನಡುಮನೇಲೇ ಇರಬೇಕು.

ನಾನು ಬರೆದುಕೊಂಡು, ನೋಟರಿ ಹತ್ತಿರ ಹೋಗುವ ಮೊದಲು ಓದಿ ಹೇಳಿದೆ. "ಗುಣವಾಗುವ ಭರವಸೆ ಇಲ್ಲದಿದ್ದಲ್ಲಿ ನನ್ನ ಮಗನು ಕೃತಕ ಉಸಿರಾಟವನ್ನು ನಿಲ್ಲಿಸಬೇಕು" ಅನ್ನುವ ಸಾಲಿಗೆ ಬಂದಾಗ ಅಮ್ಮ ಕೈ ಅಡ್ಡ ತಂದಳು.

"ಹಾಗೆ ಬರೀಬೇಡ. ನೀನು ನಿಲ್ಲಿಸಿದ ಹಾಗೆ ಆಗುತ್ತೆ ಅದು. 'ನನಗೆ ಬೇಡ' ಅಂತ ಬರಿ."

ಆ ಸಾಲು ಹೊಡೆದು, ಮೇಲೆ 'ನನಗೆ ಬೇಡ' ಅಂತ ಬರೆದೆ. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ತಾನೇ ಒಂದು ಸಲ ಓದಿದಳು. ಮತ್ತೆ ಅವರೆಕಾಯಿಯ ಮೊರ ಹತ್ತಿರಕ್ಕೆ ಎಳೆದುಕೊಂಡಳು.